ಹೆಪ್ಪುಗಟ್ಟಿದ ಹಾದಿಯಲ್ಲಿ ಎರಡು ಚಕ್ರ

ಬೆಂಗಳೂರಿನಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿಯಿತೆಂದರೆ ಸಾಕು, ಮಂಕಿ ಕ್ಯಾಪು, ಸ್ವೆಟರು, ಮಫ್ಲರುಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಹಾಲು ತರಲು ಹೋದವರು ‘ಏನು ಚಳಿ ಸ್ವಾಮಿ!’ ಎಂದು ಅಂಗೈ ಉಜ್ಜಿಕೊಳ್ಳುತ್ತಾರೆ. ಆ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಷಿಯಸ್. ಅದೂ 1884ರ ಜನವರಿಯಷ್ಟು ಹಿಂದಿನ ಮಾತು.

ಈಗ ಇನ್ನೊಂದು ಊರಿನ ಸಂಗತಿ ನೋಡಿ. ಫಿನ್ಲೆಂಡ್ ದೇಶದ ಉತ್ತರ ಭಾಗದಲ್ಲಿ ಬೋತ್ನಿಯಾ ಕೊಲ್ಲಿಯ ದಂಡೆಗೆ ಔಲು ಎಂಬ ನಗರವಿದೆ. ಸುಮಾರು ಎರಡು ಲಕ್ಷ ಜನಸಂಖ್ಯೆ. ಉತ್ತರ ಧ್ರುವವೃತ್ತ ಅಲ್ಲಿಂದ ಬಹಳ ದೂರವಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲೆಂದರೆ ಬರೀ ಮೂರೂವರೆ ಗಂಟೆ. ಚಳಿಗಾಲದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 15-20 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಒಮ್ಮೊಮ್ಮೆ 30 ಡಿಗ್ರಿ ಕೆಳಗೂ ಹೋಗುತ್ತದೆ. ಇಂಥ ಊರಿನ ಮೆಟ್ಸೊಕಾಂಗಾಸ್ ಎಂಬ ಶಾಲೆಯಲ್ಲಿ ಸುಮಾರು 1,200 ಮಕ್ಕಳಿದ್ದಾರೆ. ಹಿಮ ಬಿದ್ದ ದಿನವೂ ಅವರಲ್ಲಿ ಸಾವಿರದಷ್ಟು ಮಕ್ಕಳು ಶಾಲೆಗೆ ಬರುವುದು ಸೈಕಲ್ ಮೇಲೆ! ಮೈನಸ್ 17 ಡಿಗ್ರಿ ಚಳಿಯಲ್ಲಿ ಆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳ ಛಾಯಾಚಿತ್ರವೊಂದು ಕೆಲವು ವರ್ಷಗಳ ಹಿಂದೆ ಜಗತ್ತಿನಾದ್ಯಂತ ಹರಿದಾಡಿ ಅಚ್ಚರಿ ಹುಟ್ಟಿಸಿತ್ತು.

ಅಚ್ಚರಿಪಟ್ಟವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಅಲ್ಲಿನ ಮಕ್ಕಳು ಗಟ್ಟಿಗರು, ಚಳಿಗೆ ಹುಟ್ಟಿನಿಂದಲೇ ಒಗ್ಗಿಕೊಂಡವರು. ಇದು ಪೂರ್ತಿ ನಿಜವೇ? ಅಷ್ಟೇ ಚಳಿ ಬೀಳುವ ಬೇರೆ ಎಷ್ಟೋ ನಗರಗಳಲ್ಲಿ ನವೆಂಬರ್ ಬಂತೆಂದರೆ ಸೈಕಲ್ಲುಗಳು ಮನೆಯ ಮೂಲೆ ಸೇರುತ್ತವೆ. ಅಲ್ಲಿಯವರೂ ಚಳಿಗೆ ಒಗ್ಗಿದವರೇ ಅಲ್ಲವೆ? ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹಿಮದಲ್ಲಿ ಸೈಕಲ್ ತುಳಿದವರ ನೂರಿಪ್ಪತ್ತೈದು ವರ್ಷಗಳ ಕಥೆಯನ್ನು ಕೆದಕಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಚಳಿಯ ಕೂಸೇ ಸೈಕಲ್?

ಸೈಕಲ್ ಎಂದೊಡನೆ ನಮಗೆ ನೆನಪಾಗುವುದು ಬಿಸಿಲು, ಬಯಲು, ಒಣ ರಸ್ತೆ. ಆದರೆ ಸೈಕಲ್ಲಿನ ಹುಟ್ಟಿಗೂ ಚಳಿಗೂ ನಂಟಿದೆ ಎನ್ನುವವರಿದ್ದಾರೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಾಂಬೋರ ಜ್ವಾಲಾಮುಖಿ ಸಿಡಿಯಿತು. ಆಕಾಶಕ್ಕೆ ಚಿಮ್ಮಿದ ಬೂದಿ ಮತ್ತು ಗಂಧಕದ ಅನಿಲಗಳು ಸೂರ್ಯನ ಶಾಖಕ್ಕೆ ಅಡ್ಡಬಂದವು. ಮರುವರ್ಷ, ಅಂದರೆ 1816ರಲ್ಲಿ, ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ನಾಶವಾಯಿತು. ಓಟ್ಸ್ ಧಾನ್ಯದ ಬೆಲೆ ಗಗನಕ್ಕೇರಿತು. ಮನುಷ್ಯರಿಗೇ ಅನ್ನವಿಲ್ಲದಾಗ ಕುದುರೆಗೆ ಹಾಕುವುದೆಲ್ಲಿಂದ?

ಮರುವರ್ಷ, 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಬಂಡಿಯೊಂದನ್ನು ಏರಿ ಹೊರಟ. ಅದಕ್ಕೆ ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕಿತ್ತು. ಇಂದಿನ ಸೈಕಲ್ಲಿನ ಮೂಲಪುರುಷ ಅದೇ. ಕುದುರೆಗಳ ಅಭಾವವೇ ಡ್ರೈಸ್‌ನನ್ನು ಈ ಯೋಚನೆಗೆ ಹಚ್ಚಿತೆಂಬುದು ಕೆಲವು ಇತಿಹಾಸಕಾರರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ ಮೇವು ಬೇಡದ, ಲಾಯ ಬೇಡದ ವಾಹನವೆಂಬ ಈ ಗುಣವೇ ಮುಂದೆ ಸೈಕಲ್ಲನ್ನು ಹಿಮದ ನಾಡಿಗೂ ಕರೆದೊಯ್ದಿತು ಎಂಬುದರಲ್ಲಿ ಸಂಶಯವಿಲ್ಲ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸಮ ಗಾತ್ರದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು ಇರುವ ‘ರೋವರ್’ ಸೈಕಲ್ ತಯಾರಿಸಿದ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟಯರನ್ನು ತಂದ. ಇವೆರಡೂ ಸೇರಿದಾಗ ಇಂದು ನಾವು ಕಾಣುವ ಸೈಕಲ್ ರೂಪುಗೊಂಡಿತು. 1890ರ ದಶಕದಲ್ಲಿ ಯೂರೋಪು, ಅಮೆರಿಕಗಳಲ್ಲಿ ಸೈಕಲ್ಲಿನ ಹುಚ್ಚು ಊರೂರಿಗೆ ಹಬ್ಬಿತು. ಅದೇ ದಶಕದ ಇನ್ನೊಂದು ಹುಚ್ಚು ಚಿನ್ನದ್ದು. ಈ ಎರಡು ಹುಚ್ಚುಗಳು ಸಂಧಿಸಿದ್ದು ಉತ್ತರ ಅಮೆರಿಕದ ಹಿಮಗಾಡಿನಲ್ಲಿ.

ಚಿನ್ನದ ಬೆನ್ನು ಹತ್ತಿ

1896ರ ಆಗಸ್ಟ್‌ನಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದ ಹೊಳೆಯೊಂದರಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದೇ ತಡ, ಸಾವಿರಾರು ಜನ ಮನೆಮಠ ಬಿಟ್ಟು ಅತ್ತ ನುಗ್ಗಿದರು. ಡಾಸನ್ ಎಂಬ ಪಟ್ಟಣವೇ ಎದ್ದುನಿಂತಿತು. ಆದರೆ ತಡವಾಗಿ ಹೋದವರಿಗೆ ಸಿಕ್ಕಿದ್ದು ಕಡಿಮೆ. ಅಷ್ಟರಲ್ಲಿ, 1899ರಲ್ಲಿ, ಅಲಾಸ್ಕದ ಪಶ್ಚಿಮ ತುದಿಯ ನೋಮ್ ಎಂಬಲ್ಲಿ ಸಮುದ್ರ ದಂಡೆಯ ಮರಳಿನಲ್ಲೇ ಚಿನ್ನವಿದೆಯೆಂಬ ಸುದ್ದಿ ಬಂತು. ಡಾಸನ್ನಿನಿಂದ ನೋಮ್‌ಗೆ ಸುಮಾರು 1,600 ಕಿಲೋಮೀಟರ್. ದಾರಿಯೆಂದರೆ ಹೆಪ್ಪುಗಟ್ಟಿದ ಯುಕಾನ್ ನದಿ. ಹಡಗು ಬರಬೇಕಾದರೆ ಬೇಸಿಗೆಯಲ್ಲಿ ಹಿಮ ಕರಗುವವರೆಗೆ ಕಾಯಬೇಕು. ನಾಯಿಗಳು ಎಳೆಯುವ ಜಾರುಬಂಡಿ ಕೊಳ್ಳಲು ಎಲ್ಲರ ಬಳಿ ಹಣವಿಲ್ಲ. ನಾಯಿಗಳಿಗೆ ದಿನವೂ ಮೀನು, ಮಾಂಸ ಹೊಂದಿಸಬೇಕು.

ಆಗ ಕೆಲವರ ಕಣ್ಣು ಬಿದ್ದಿದ್ದು ಸೈಕಲ್ ಮೇಲೆ. ಎಡ್ ಜೆಸನ್ ಎಂಬಾತ ಡಾಸನ್ನಿನ ಅಂಗಡಿಯಲ್ಲಿ 150 ಡಾಲರ್ ಕೊಟ್ಟು ಒಂದು ಸೈಕಲ್ ಕೊಂಡ. ಕೆಲವು ದಿನ ಬಿದ್ದೆದ್ದು ಅಭ್ಯಾಸ ಮಾಡಿ 1900ರ ಫೆಬ್ರುವರಿ 22ರಂದು ಹೊರಟೇಬಿಟ್ಟ. ಚಳಿಗೆ ಟಯರು ಕಲ್ಲಾಯಿತು. ಬೇರಿಂಗುಗಳಲ್ಲಿದ್ದ ಎಣ್ಣೆ ಗಟ್ಟಿಯಾಗಿ ಚಕ್ರ ತಿರುಗದಾಯಿತು. ಮೈಕೈಯೆಲ್ಲ ಗಾಯ. ಹಿಮದ ಮೇಲಿನ ಬಿಸಿಲಿನ ಝಳಕ್ಕೆ ಕಣ್ಣು ಮಂಜಾಯಿತು. ಆದರೂ ಮಾರ್ಚ್ ಕೊನೆಯ ವೇಳೆಗೆ ಆತ ನೋಮ್ ತಲುಪಿದ. ಹೊರಡುವಾಗ ಕಟ್ಟಿಕೊಂಡಿದ್ದ ಸುದ್ದಿಪತ್ರಿಕೆಗಳನ್ನೂ ಹೊತ್ತು ತಂದಿದ್ದ. ತಿಂಗಳುಗಟ್ಟಲೆ ಹೊರಗಿನ ಸುದ್ದಿಯಿಲ್ಲದೆ ಕುಳಿತಿದ್ದ ಜನಕ್ಕೆ ಆ ಹಳೆಯ ಪತ್ರಿಕೆಗಳೇ ಹಬ್ಬದೂಟವಾದವು.

ಅದೇ ವರ್ಷ ಮಾರ್ಚ್ 2ರಂದು ಹೊರಟ ಮ್ಯಾಕ್ಸ್ ಹರ್ಷ್‌ಬರ್ಗ್ ಎಂಬ ತರುಣನ ಪಾಡು ಇನ್ನೂ ಕಠಿಣ. ವಸಂತ ಹತ್ತಿರವಾದಂತೆ ನದಿಯ ಹಿಮಗಡ್ಡೆ ಸಡಿಲವಾಗತೊಡಗಿತ್ತು. ದಾರಿಯಲ್ಲಿ ಗಡ್ಡೆ ಒಡೆದು ನೀರಿಗೆ ಬಿದ್ದ ಆತ ಪ್ರಾಣ ಉಳಿಸಿಕೊಂಡರೂ ಚಿನ್ನದ ಪುಡಿಯ ಚೀಲ ಕಳೆದುಕೊಂಡ. ಕೊನೆಯ ಹಂತದಲ್ಲಿ ಸೈಕಲ್ಲಿನ ಚೈನು ತುಂಡಾಯಿತು. ಆತ ಸುಮ್ಮನೆ ಕೂರಲಿಲ್ಲ. ಮೈಮೇಲಿನ ದಪ್ಪ ಕೋಟನ್ನು ಕೋಲಿಗೆ ಕಟ್ಟಿ ಹಾಯಿಯಂತೆ ಎತ್ತಿ ಹಿಡಿದ. ಹಿಂದಿನಿಂದ ಬೀಸಿದ ಗಾಳಿ ಸೈಕಲ್ಲನ್ನು ಹಿಮದ ಮೇಲೆ ತಳ್ಳಿಕೊಂಡು ಹೋಯಿತು! ಮೇ 19ರಂದು ಆತ ನೋಮ್ ಮುಟ್ಟಿದ.

ಇವು ಸಾಹಸಗಳು, ಸಂಶಯವಿಲ್ಲ. ಆದರೆ ಈ ಕಥೆಗಳಲ್ಲಿ ಒಂದು ಸಣ್ಣ ಸಂಗತಿ ಅಡಗಿದೆ. ಇವರು ಸೈಕಲ್ ತುಳಿದದ್ದು ಮೆತ್ತನೆಯ ಹೊಸ ಹಿಮದ ಮೇಲಲ್ಲ. ನಾಯಿಬಂಡಿಗಳು ಓಡಾಡಿ ಓಡಾಡಿ ಒತ್ತಿ ಗಟ್ಟಿಯಾಗಿದ್ದ ಕಿರುದಾರಿಯ ಮೇಲೆ. ಆ ದಾರಿಯಿಂದ ಒಂದಡಿ ಆಚೆ ಸರಿದರೂ ಚಕ್ರ ಹೂತುಹೋಗುತ್ತಿತ್ತು. ಅಲ್ಲಲ್ಲಿ ಊಟ, ಬೆಂಕಿ, ಹಾಸಿಗೆ ಒದಗಿಸುವ ತಂಗುಮನೆಗಳಿದ್ದವು. ಅಂದರೆ ಅತಿ ದೊಡ್ಡ ಸಾಹಸಿಗೂ ಬೇರೆ ಯಾರೋ ಹಸನು ಮಾಡಿಟ್ಟ ದಾರಿ ಬೇಕಾಗಿತ್ತು. ಮುಂದಿನ ಇತಿಹಾಸವೆಲ್ಲ ಈ ಒಂದು ಮಾತಿನ ಸುತ್ತಲೇ ಸುತ್ತುತ್ತದೆ.

ಕಬ್ಬಿಣಕ್ಕೂ ಚಳಿ

ಕಡುಚಳಿಯಲ್ಲಿ ಸೈಕಲ್ಲಿಗೆ ಏನಾಗುತ್ತದೆ? ಜೆಸನ್ ಅನುಭವಿಸಿದ್ದನ್ನೇ ಇಂದಿನ ಸವಾರರೂ ಬಲ್ಲರು. ಬೇಸಿಗೆಯ ಗ್ರೀಸು ಮೇಣದಂತೆ ಗಟ್ಟಿಯಾಗುತ್ತದೆ. ಹಿಂದಿನ ಚಕ್ರದ ಫ್ರೀವೀಲಿನೊಳಗಿನ ಸಣ್ಣ ಹಲ್ಲುಗಳು ಅಂಟಿಕೊಂಡರೆ ಪೆಡಲ್ ಸುಮ್ಮನೆ ತಿರುಗುತ್ತದೆಯೇ ಹೊರತು ಸೈಕಲ್ ಮುಂದೆ ಹೋಗುವುದಿಲ್ಲ. ಬ್ರೇಕಿನ ತಂತಿಯೊಳಗೆ ಹನಿ ನೀರು ಸೇರಿ ಹೆಪ್ಪುಗಟ್ಟಿದರೆ ಬ್ರೇಕು ಹಿಡಿಯದು. ಬೆಚ್ಚಗಿನ 20 ಡಿಗ್ರಿಯಲ್ಲಿ ಗಾಳಿ ತುಂಬಿದ ಟಯರನ್ನು ಮೈನಸ್ 20 ಡಿಗ್ರಿಗೆ ಒಯ್ದರೆ ಒಳಗಿನ ಒತ್ತಡ ಏಳನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಆದ್ದರಿಂದಲೇ ಆ ನಾಡುಗಳಲ್ಲಿ ತೆಳು ಗ್ರೀಸು, ಚಕ್ರದ ನಡುವೆ ಮುಚ್ಚಿದ ಗೇರು, ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇವು ಜನಪ್ರಿಯವಾಗಿವೆ. ಟಯರಿನ ಮೈಯಲ್ಲಿ ಗಟ್ಟಿ ಲೋಹದ ಸಣ್ಣ ಮೊಳೆಗಳನ್ನು ನಾಟಿರುತ್ತಾರೆ. ಅವು ಮಂಜುಗಡ್ಡೆಯನ್ನು ಬೆಕ್ಕಿನ ಉಗುರಿನಂತೆ ಕಚ್ಚಿ ಹಿಡಿಯುತ್ತವೆ.

ಇನ್ನು ಮನುಷ್ಯನ ಮೈ. ಗಾಳಿ ಬೀಸಿದರೆ ಚಳಿ ಹೆಚ್ಚು ಕೊರೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕನ್ನರು. ಅಂಟಾರ್ಕ್ಟಿಕಾದಲ್ಲಿ ಕೊಳವೆಯೊಂದರಲ್ಲಿ ನೀರು ತುಂಬಿಟ್ಟು, ಗಾಳಿಯ ವೇಗಕ್ಕೆ ತಕ್ಕಂತೆ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆದ ಅವರು 1945ರಲ್ಲಿ ಫಲಿತಾಂಶ ಪ್ರಕಟಿಸಿದರು. 2001ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 30ರಂತೆ ತಾಗುತ್ತದೆ. ಸೈಕಲ್ ಸವಾರ ಗಾಳಿಯಿಲ್ಲದ ದಿನವೂ ತನ್ನ ವೇಗದಿಂದ ತಾನೇ ಗಾಳಿ ಹುಟ್ಟಿಸಿಕೊಳ್ಳುತ್ತಾನೆ. ಮೊದಲು ಪೆಟ್ಟು ಬೀಳುವುದು ಬೆರಳ ತುದಿ, ಕಿವಿ, ಮೂಗಿಗೆ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಪೆಡಲ್ ತುಳಿಯುವ ಮೈ ತಾನೇ ಒಲೆಯಾಗುತ್ತದೆ. ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತವನು ನಡುಗುತ್ತಿರುವಾಗ ಸೈಕಲ್ ತುಳಿದವನು ಕೋಟಿನ ಗುಂಡಿ ಬಿಚ್ಚುತ್ತಾನೆ. ಹೊರಡುವಾಗ ಕೊಂಚ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿಕೊಳ್ಳಬೇಕು, ಇಲ್ಲವಾದರೆ ಬೆವರಿ ಒದ್ದೆಯಾಗಿ ಆಮೇಲೆ ನಡುಗಬೇಕಾಗುತ್ತದೆ ಎಂಬುದು ಆ ನಾಡಿನವರ ಅನುಭವದ ಮಾತು. ಇನ್ನೊಂದು ವಿಚಿತ್ರವೂ ಇದೆ. ಸವಾರನಿಗೆ ಹೆಚ್ಚು ಅಪಾಯ ಕಡುಚಳಿಯ ದಿನವಲ್ಲ, ಚಳಿ ಕಡಿಮೆಯಾದ ದಿನ! ಮೈನಸ್ 20ರಲ್ಲಿ ಒತ್ತಿದ ಹಿಮ ಒಣಗಿ ಗರಗರ ಸದ್ದು ಮಾಡುತ್ತ ಚಕ್ರಕ್ಕೆ ಹಿಡಿತ ಕೊಡುತ್ತದೆ. ಉಷ್ಣಾಂಶ ಶೂನ್ಯದ ಆಸುಪಾಸಿಗೆ ಬಂದಾಗ ಗಡ್ಡೆಯ ಮೇಲೆ ನೀರಿನ ಪದರ ನಿಂತು ಎಣ್ಣೆ ಸುರಿದಂತೆ ಜಾರುತ್ತದೆ.

ಕಾರು ಬಂತು, ಸೈಕಲ್ ಮೂಲೆಗೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಉತ್ತರ ಯೂರೋಪಿನ ಕಾರ್ಮಿಕರ, ಗುಮಾಸ್ತರ ವಾಹನವೆಂದರೆ ಸೈಕಲ್ಲೇ. ಆದರೂ ಅದನ್ನು ಬೇಸಿಗೆಯ ವಾಹನವೆಂದೇ ಬಹಳ ಮಂದಿ ತಿಳಿದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಫಿನ್ಲೆಂಡಿನ ಸೇನೆಯಲ್ಲಿ ಸೈಕಲ್ ದಳಗಳೇ ಇದ್ದವು. ಹಿಮ ಬಿತ್ತೆಂದರೆ ಆ ಸೈನಿಕರು ಸೈಕಲ್ ಬಿಟ್ಟು ಕಾಲಿಗೆ ಸ್ಕೀ ಕಟ್ಟಿಕೊಳ್ಳುತ್ತಿದ್ದರು.

ಯುದ್ಧ ಮುಗಿದ ಮೇಲೆ, 1950-60ರ ದಶಕಗಳಲ್ಲಿ, ಕಾರು ಮಧ್ಯಮವರ್ಗದವರ ಕೈಗೆ ಎಟುಕಿತು. ರಸ್ತೆಗಳು ಅಗಲವಾದವು. ಮನೆಗಳು ಊರಿನಾಚೆಗೆ ಹರಡಿದವು. ಹಿಮ ಬಿದ್ದಾಗ ಅದನ್ನು ಗೋರುವ ಯಂತ್ರಗಳು ಕಾರಿನ ದಾರಿಯನ್ನು ತೆರವು ಮಾಡಿ ಆ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳತೊಡಗಿದವು. ಪಕ್ಕ ಎಂದರೇನು? ನಡೆದು ಹೋಗುವವರ, ಸೈಕಲ್ಲಿನವರ ಜಾಗ. ಹೀಗೆ ಒಬ್ಬರ ರಸ್ತೆ ಶುಚಿಯಾದಷ್ಟೂ ಇನ್ನೊಬ್ಬರ ರಸ್ತೆಯಲ್ಲಿ ಹಿಮದ ಗುಡ್ಡ ಬೆಳೆಯಿತು. ‘ಚಳಿಗಾಲದಲ್ಲಿ ಯಾರೂ ಸೈಕಲ್ ತುಳಿಯುವುದಿಲ್ಲ’ ಎಂಬ ಮಾತು ಹುಟ್ಟಿದ್ದು ಹೀಗೆ. ಯಾರೂ ತುಳಿಯದ್ದರಿಂದ ಗುಡಿಸಲಿಲ್ಲ. ಗುಡಿಸದ್ದರಿಂದ ಯಾರೂ ತುಳಿಯಲಿಲ್ಲ!

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ಕಡಿವಾಣ ಹಾಕಿದಾಗ ಯೂರೋಪ್ ಬೆಚ್ಚಿಬಿತ್ತು. ನವೆಂಬರ್ ತಿಂಗಳಿನಿಂದ ನೆದರ್ಲೆಂಡ್ಸ್, ಡೆನ್ಮಾರ್ಕ್ ಮೊದಲಾದ ದೇಶಗಳಲ್ಲಿ ಭಾನುವಾರ ಖಾಸಗಿ ಕಾರು ಓಡಿಸುವುದನ್ನೇ ನಿಷೇಧಿಸಿದರು. ಚಳಿಗಾಲದ ಆ ಭಾನುವಾರಗಳಂದು ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು, ಮಕ್ಕಳು ಆಟವಾಡಿದರು. ಚಳಿಯಿದ್ದರೂ ರಸ್ತೆ ಸಿಕ್ಕರೆ ಜನ ಹೊರಬರುತ್ತಾರೆ ಎಂಬುದನ್ನು ಆ ಕೆಲವು ವಾರಗಳು ತೋರಿಸಿಕೊಟ್ಟವು.

ಔಲು ಮಾಡಿದ್ದೇನು?

ಔಲು ನಗರ ಅದಕ್ಕೂ ಮುಂಚೆಯೇ ಈ ದಿಕ್ಕಿನಲ್ಲಿ ಯೋಚಿಸತೊಡಗಿತ್ತು. 1605ರಲ್ಲಿ ಸ್ಥಾಪನೆಯಾದ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ಡಾಂಬರಿನ ವ್ಯಾಪಾರಕ್ಕೆ ಹೆಸರಾಗಿತ್ತು. ಹಡಗುಗಳಿಗೆ ಬಳಿಯುವ ಆ ಡಾಂಬರು ಇಲ್ಲಿಂದಲೇ ದೂರದ ದೇಶಗಳಿಗೆ ಹೋಗುತ್ತಿತ್ತು. 1958ರಲ್ಲಿ ವಿಶ್ವವಿದ್ಯಾಲಯ ಬಂತು. ಊರು ಬೇಗ ಬೆಳೆಯತೊಡಗಿತು. 1960ರ ದಶಕದ ಕೊನೆ, 1970ರ ದಶಕದ ಆರಂಭದಲ್ಲಿ ನಗರದ ಯೋಜಕರು ಸೈಕಲ್ಲಿಗೆಂದೇ ಒಂದು ದಾರಿಜಾಲವನ್ನು ನಕ್ಷೆಯಲ್ಲಿ ಬರೆದರು. ಕಾರಿನ ರಸ್ತೆಯ ಅಂಚಿಗೆ ಬಣ್ಣದ ಗೆರೆ ಎಳೆದು ಕೈತೊಳೆದುಕೊಳ್ಳಲಿಲ್ಲ. ಬಡಾವಣೆಗಳ ನಡುವೆ, ಉದ್ಯಾನಗಳ ಮೂಲಕ, ಹೊಳೆಯ ದಂಡೆಗುಂಟ ಪ್ರತ್ಯೇಕ ದಾರಿಗಳನ್ನೇ ಮಾಡಿದರು. ದೊಡ್ಡ ರಸ್ತೆ ಅಡ್ಡಬಂದರೆ ಅದರ ಕೆಳಗೆ ಸುರಂಗದಾರಿ ತೋಡಿದರು. ಇಂಥ ಕೆಳದಾರಿಗಳು ಈಗ 300ಕ್ಕೂ ಹೆಚ್ಚಿವೆ. ನಡಿಗೆ ಮತ್ತು ಸೈಕಲ್ಲಿನ ದಾರಿಗಳ ಒಟ್ಟು ಉದ್ದ 900 ಕಿಲೋಮೀಟರ್ ದಾಟಿದೆ. ದಾರಿಗುಂಟ ದೀಪಗಳಿವೆ. ಹಗಲೇ ಇಲ್ಲದ ಊರಿನಲ್ಲಿ ದೀಪವಿಲ್ಲದ ದಾರಿ ಇದ್ದೂ ಇಲ್ಲದಂತೆ.

ದಾರಿ ಮಾಡುವುದು ಅರ್ಧ ಕೆಲಸ. ಉಳಿದರ್ಧ ನಡೆಯುವುದು ನಸುಕಿನಲ್ಲಿ, ಊರು ಇನ್ನೂ ಮಲಗಿರುವಾಗ. ರಾತ್ರಿ ಹಿಮ ಬಿದ್ದರೆ ಗೋರುವ ಯಂತ್ರಗಳು ಹೊರಡುತ್ತವೆ. ಜನ ಕೆಲಸಕ್ಕೆ ಹೊರಡುವ ಮೊದಲು, ಬೆಳಗ್ಗೆ 7 ಗಂಟೆಯ ಒಳಗೆ, ಮುಖ್ಯ ಸೈಕಲ್ ದಾರಿಗಳು ಸಿದ್ಧವಾಗಿರಬೇಕು ಎಂಬುದು ನಿಯಮ. ಇಲ್ಲೊಂದು ಸೂಕ್ಷ್ಮವಿದೆ. ಹಿಮವನ್ನು ಡಾಂಬರು ಕಾಣುವವರೆಗೆ ಕೆರೆದು ತೆಗೆಯುವುದಿಲ್ಲ. ತೆಳುವಾದ ಪದರವನ್ನು ಒತ್ತಿ ಗಟ್ಟಿಮಾಡಿ, ಹಲ್ಲುಳ್ಳ ಅಲಗಿನಿಂದ ಗೀರುತ್ತಾರೆ. ಮೇಲೆ ಸಣ್ಣ ಜಲ್ಲಿಪುಡಿ ಚೆಲ್ಲುತ್ತಾರೆ. ಉಪ್ಪು ಹಾಕುವುದಿಲ್ಲವೇಕೆ? ಕಡುಚಳಿಯಲ್ಲಿ ಉಪ್ಪಿಗೆ ಹಿಮ ಕರಗಿಸುವ ಶಕ್ತಿ ತಗ್ಗುತ್ತದೆ. ಅರ್ಧಂಬರ್ಧ ಕರಗಿದರೆ ಕೆಸರಾಗುತ್ತದೆ. ಚೈನು, ರಿಮ್ಮುಗಳಿಗೆ ತುಕ್ಕು ಹಿಡಿಯುವುದಂತೂ ಖಂಡಿತ. ಡಾಸನ್ನಿನ ನಾಯಿಬಂಡಿಗಳು ತಮಗರಿವಿಲ್ಲದೆ ಮಾಡುತ್ತಿದ್ದ ಕೆಲಸವನ್ನೇ ಔಲು ನಗರಸಭೆ ಯೋಜನೆ ಹಾಕಿ, ಹಣ ತೆಗೆದಿಟ್ಟು, ದಿನವೂ ಮಾಡುತ್ತಿದೆ ಎನ್ನಬಹುದು.

ಫಲವೇನು? ಆ ಊರಿನಲ್ಲಿ ಜನ ವರ್ಷವಿಡೀ ಮಾಡುವ ಓಡಾಟದಲ್ಲಿ ಸುಮಾರು ಐದನೆಯ ಒಂದು ಪಾಲು ಸೈಕಲ್ ಮೇಲೆ ನಡೆಯುತ್ತದೆ. ಚಳಿಗಾಲದಲ್ಲಿ ಅದು ಕಡಿಮೆಯಾಗುತ್ತದೆ, ಆದರೆ ನಿಲ್ಲುವುದಿಲ್ಲ. ಶಾಲಾಮಕ್ಕಳು, ಕಚೇರಿಗೆ ಹೋಗುವವರು, ಮುದುಕಿಯರು ಎಲ್ಲರೂ ಅದರಲ್ಲಿದ್ದಾರೆ.

ಮೊದಲು ಯಾರ ದಾರಿ?

ಹಿಮ ಗೋರುವ ಯಂತ್ರ ಮೊದಲು ಯಾವ ಬೀದಿಗೆ ಹೋಗಬೇಕು? ನೋಡಲು ಇದು ಕಾರ್ಪೊರೇಷನ್ ಮೇಸ್ತ್ರಿಯ ತಲೆನೋವು. ಆದರೆ ಇದರೊಳಗೆ ದೊಡ್ಡ ಪ್ರಶ್ನೆಯೇ ಇದೆ ಎಂದು ಸ್ವೀಡನ್ ದೇಶದಲ್ಲಿ ಕಂಡುಬಂತು. 2003ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ ಎರಡು ನಗರಗಳ ನೌಕರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಲಾಯಿತು. ಬೇಸಿಗೆಗೆ ಹೋಲಿಸಿದರೆ ಚಳಿಗಾಲದಲ್ಲಿ ಸೈಕಲ್ ಪ್ರಯಾಣ ಶೇಕಡಾ 47ರಷ್ಟು ಕುಸಿದಿತ್ತು. ಕಾರಿನ ಪ್ರಯಾಣ ಶೇಕಡಾ 27ರಷ್ಟು ಏರಿತ್ತು. ದಾರಿಯ ನಿರ್ವಹಣೆ ಸುಧಾರಿಸಿದರೆ ಚಳಿಗಾಲದ ಸೈಕಲ್ ಪ್ರಯಾಣ ಶೇಕಡಾ 18ರಷ್ಟು ಹೆಚ್ಚಬಹುದೆಂದು ಆ ಅಧ್ಯಯನ ಅಂದಾಜು ಮಾಡಿತು. ಎಲ್ಲರೂ ತುಳಿಯುತ್ತಾರೆಂದು ಅದು ಹೇಳಲಿಲ್ಲ. ಆದರೆ ಸೈಕಲ್ ಬಿಟ್ಟವರಲ್ಲಿ ಒಂದು ಪಾಲು ಜನ ಬಿಟ್ಟದ್ದು ಚಳಿಗೆ ಹೆದರಿ ಅಲ್ಲ, ದಾರಿಗೆ ಹೆದರಿ ಎಂಬುದು ಸ್ಪಷ್ಟವಾಯಿತು.

ಅದೇ ದೇಶದ ಕಾರ್ಲ್ಸ್‌ಕೋಗ ಎಂಬ ಸಣ್ಣ ಪಟ್ಟಣದ ಕಥೆ ಇನ್ನೂ ಸ್ವಾರಸ್ಯಕರ. ಪಟ್ಟಣದ ಎಲ್ಲ ಕೆಲಸಗಳೂ ಗಂಡು-ಹೆಣ್ಣಿಗೆ ಸಮನಾಗಿ ಸಲ್ಲುತ್ತಿವೆಯೇ ಎಂದು 2011ರ ಸುಮಾರಿಗೆ ಪರಿಶೀಲನೆ ನಡೆದಿತ್ತು. ಹಿಮ ಗುಡಿಸುವುದರಲ್ಲಾದರೂ ಈ ತಕರಾರು ಇರಲಾರದು ಎಂದು ಅಧಿಕಾರಿಯೊಬ್ಬರು ತಮಾಷೆ ಮಾಡಿದರಂತೆ. ತಮಾಷೆಯೇ ತಿರುಗುಬಾಣವಾಯಿತು. ಲೆಕ್ಕ ಹಾಕಿ ನೋಡಿದರೆ, ಮೊದಲು ತೆರವಾಗುತ್ತಿದ್ದುದು ಊರೊಳಗೆ ಬರುವ ದೊಡ್ಡ ರಸ್ತೆಗಳು. ಅಲ್ಲಿ ಕಾರಿನಲ್ಲಿ ಹೋಗುವವರಲ್ಲಿ ಗಂಡಸರೇ ಹೆಚ್ಚು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ಅಂಗಡಿಗೆ ಹೋಗಿ, ಅಲ್ಲಿಂದ ಕೆಲಸಕ್ಕೆ ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುವವರಲ್ಲಿ ಹೆಂಗಸರು ಹೆಚ್ಚು. ಅವರ ದಾರಿಯ ಸರದಿ ಕೊನೆಗೆ! ಮೂರಂಗುಲ ಹಿಮದಲ್ಲಿ ಕಾರು ಓಡಿಸುವುದು ಸುಲಭ. ಅದೇ ಹಿಮದಲ್ಲಿ ಮಗುವಿನ ತಳ್ಳುಗಾಡಿಯನ್ನೋ ಸೈಕಲ್ಲನ್ನೋ ತಳ್ಳುವುದು ಕಷ್ಟ. ಪಟ್ಟಣ ಸರದಿಯನ್ನು ತಿರುಗಿಸಿತು. ಕಾಲುದಾರಿ, ಸೈಕಲ್ ದಾರಿ ಮೊದಲು. ದೊಡ್ಡ ರಸ್ತೆ ಆಮೇಲೆ. ಬ್ರಿಟನ್ನಿನ ಲೇಖಕಿ ಕ್ಯಾರೊಲಿನ್ ಕ್ರಿಯಾಡೊ ಪೆರೆಸ್ 2019ರ ತಮ್ಮ ‘ಇನ್‌ವಿಸಿಬಲ್ ವಿಮೆನ್’ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರಿಸಿದ ಮೇಲೆ ಅದು ಜಗತ್ತಿಗೆಲ್ಲ ತಿಳಿಯಿತು.

ಹಾಗೆಂದು ಇದು ಎಲ್ಲೆಡೆ ಸಲೀಸಾಗಿ ನಡೆಯಿತೆಂದಲ್ಲ. ರಾಜಧಾನಿ ಸ್ಟಾಕ್‌ಹೋಂ ಕೂಡ ಇದೇ ಕ್ರಮವನ್ನು ಅನುಸರಿಸಲು ಹೊರಟಿತ್ತು. 2016ರ ನವೆಂಬರ್‌ನಲ್ಲಿ ಒಂದೇ ದಿನ ಸುಮಾರು 40 ಸೆಂಟಿಮೀಟರ್ ಹಿಮ ಸುರಿದಾಗ ನಗರ ಸ್ತಬ್ಧವಾಯಿತು. ಹೊಸ ಕ್ರಮ ತೀವ್ರ ಟೀಕೆಗೆ, ಗೇಲಿಗೆ ಗುರಿಯಾಯಿತು. ಸರದಿ ಬದಲಿಸಿದರಷ್ಟೇ ಸಾಲದು, ಅದಕ್ಕೆ ತಕ್ಕ ಯಂತ್ರ, ಆಳುಕಾಳು ಇರಬೇಕು ಎಂಬ ಪಾಠವೂ ಇದರಲ್ಲಿದೆ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಚಳಿ ಔಲುವಿನಷ್ಟು ಕಡುವಲ್ಲ. ಆದರೆ ಮಳೆ, ಹಿಮ, ಗಾಳಿ ಸೇರಿದ ಕಿರಿಕಿರಿ ಉಂಟು. ಅಲ್ಲಿ ಮುಖ್ಯ ಸೈಕಲ್ ಪಥಗಳ ಹಿಮವನ್ನು ಕಾರಿನ ರಸ್ತೆಗಿಂತ ಮೊದಲು ತೆಗೆಯುತ್ತಾರೆ. ಅಲ್ಲಿನ ಸೈಕಲ್ ಸವಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಳಿಗಾಲದಲ್ಲೂ ತುಳಿಯುತ್ತಾರೆಂಬುದು ನಗರಾಡಳಿತದ ಲೆಕ್ಕ.

ದಪ್ಪ ಟಯರಿನ ದಾರಿ

ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಕಥೆ ಬೇರೊಂದು ತಿರುವು ಪಡೆಯಿತು. ಯೂರೋಪಿನವರು ದಾರಿಯನ್ನು ಸರಿಪಡಿಸಲು ಹೊರಟರೆ ಅಮೆರಿಕದ ಕೆಲವರು ಸೈಕಲ್ಲನ್ನೇ ಬದಲಿಸಲು ಹೊರಟರು. ಅಲಾಸ್ಕದಲ್ಲಿ 1987ರಲ್ಲಿ ‘ಇಡಿಟಾಬೈಕ್’ ಎಂಬ ಹಿಮದ ಸೈಕಲ್ ಪಂದ್ಯ ಶುರುವಾಯಿತು. ನಾಯಿಬಂಡಿಗಳ ಪಂದ್ಯದ ಹಾದಿಯಲ್ಲೇ ಇದೂ ನಡೆಯಿತು. ತೆಳು ಟಯರು ಹಿಮದಲ್ಲಿ ಹೂತುಹೋಗುತ್ತಿದ್ದುದರಿಂದ ಸವಾರರು ರಿಮ್ಮುಗಳನ್ನು ಅಗಲ ಮಾಡುತ್ತ ಹೋದರು. ಒಂಟೆಯ ಅಗಲ ಪಾದ ಮರಳಿನಲ್ಲಿ ಹೂಳದಂತೆ, ಅಗಲವಾದ ಮೆತ್ತನೆಯ ಟಯರು ಹಿಮದ ಮೇಲೆ ತೇಲುತ್ತದೆ. 2005ರಲ್ಲಿ ಮಿನ್ನೆಸೋಟಾದ ಸರ್ಲಿ ಕಂಪನಿ ‘ಪಗ್‌ಸ್ಲಿ’ ಎಂಬ ದಪ್ಪ ಟಯರಿನ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ನಗರಗಳ ಹುಡುಗರು ಮೋಟಾರು ಸೈಕಲ್ಲಿನಂಥ ಟಯರುಳ್ಳ ಸೈಕಲ್ ಏರಿ ಮೆರೆಯುವುದನ್ನು ನೀವು ನೋಡಿರಬಹುದು. ಹಿಮವನ್ನೇ ಕಾಣದ ನಮ್ಮೂರಿನ ಆ ‘ಫ್ಯಾಟ್ ಬೈಕ್’ಗೆ ಅಲಾಸ್ಕದ ಹಿಮದ ಋಣವೂ ಇದೆ!

ಆದರೆ ದಿನವೂ ಕೆಲಸಕ್ಕೆ ಹೋಗುವವನಿಗೆ ದುಬಾರಿಯ ಸೈಕಲ್ಲಿಗಿಂತ ಗುಡಿಸಿದ ದಾರಿಯೇ ಮೇಲು ಎಂದು ಅಲ್ಲೂ ಅರಿವಾಯಿತು. ಕೊರೆಯುವ ಚಳಿಯ ಮಿನಿಯಾಪೊಲಿಸ್ ನಗರದಲ್ಲಿ ಹಳೆಯ ರೈಲುಹಾದಿಯನ್ನು ‘ಮಿಡ್‌ಟೌನ್ ಗ್ರೀನ್‌ವೇ’ ಎಂಬ ಸೈಕಲ್ ದಾರಿಯಾಗಿ ಮಾಡಿ 2000ದಿಂದ ಹಂತಹಂತವಾಗಿ ತೆರೆದರು; ಚಳಿಗಾಲದಲ್ಲೂ ಅದರ ಹಿಮ ತೆಗೆಯುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2009ರಲ್ಲಿ ಶುರುವಾದ ‘ಬಿಕ್ಸಿ’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆಯಲ್ಲಿ ಚಳಿ ಬಂತೆಂದರೆ ಸೈಕಲ್ಲುಗಳನ್ನೆಲ್ಲ ಗೋದಾಮಿಗೆ ಸಾಗಿಸುತ್ತಿದ್ದರು. ವರ್ಷವಿಡೀ ಹಿಮ ತೆಗೆಯುವ ಸೈಕಲ್ ಪಥಗಳು ಬಂದ ಮೇಲೆ, 2023ರ ನವೆಂಬರ್‌ನಲ್ಲಿ, ಮೊದಲ ಸಲ ಚಳಿಗಾಲದ ಪ್ರಯೋಗ ಆರಂಭವಾಯಿತು.

2013ರ ಫೆಬ್ರುವರಿಯಲ್ಲಿ ಔಲುವಿನಲ್ಲೇ ಚಳಿಗಾಲದ ಸೈಕಲ್ ಸವಾರಿಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಮುಂದಿನ ವರ್ಷ ಕೆನಡಾದ ವಿನಿಪೆಗ್, 2018ರಲ್ಲಿ ಮಾಸ್ಕೊ, 2019ರಲ್ಲಿ ಕ್ಯಾಲ್ಗರಿ ಹೀಗೆ ಅದು ಚಳಿಯ ಊರುಗಳನ್ನು ಸುತ್ತಿತು. ಅಲ್ಲಿ ಚರ್ಚೆಯಾದದ್ದು ಸಾಹಸದ ಮಾತಷ್ಟೇ ಅಲ್ಲ. ಹಿಮ ತೆಗೆಯುವ ಯಂತ್ರದ ಅಲಗು, ಜಲ್ಲಿಪುಡಿ, ದೀಪ, ಗುತ್ತಿಗೆದಾರರ ಕರಾರು ಇಂಥವು ಕೂಡ.

ನುಣುಪಲ್ಲದ ಸತ್ಯಗಳು

ಚಳಿಗಾಲದ ಸೈಕಲ್ ಸವಾರಿ ಸುಖದ ಸುಪ್ಪತ್ತಿಗೆಯೇನಲ್ಲ. ಜಾರಿಬಿದ್ದು ಕೈ ಮುರಿದುಕೊಂಡವರಿದ್ದಾರೆ. ವಸಂತದಲ್ಲಿ ಹಿಮ ಕರಗಿದಾಗ ಉಳಿಯುವ ಜಲ್ಲಿಪುಡಿ ದೂಳೆಬ್ಬಿಸುತ್ತದೆ, ಟಯರು ಪಂಕ್ಚರ್ ಮಾಡುತ್ತದೆ. ಕಾಯಿಲೆಯವರಿಗೆ, ಬಹುದೂರ ಹೋಗುವವರಿಗೆ ಸೈಕಲ್ ಪರಿಹಾರವಲ್ಲ. ಇದೆಲ್ಲದರ ಮೇಲೆ ಹವಾಮಾನವೇ ಬದಲಾಗುತ್ತಿದೆ. ಫಿನ್ಲೆಂಡ್ ಜಗತ್ತಿನ ಸರಾಸರಿಗಿಂತ ಬೇಗ ಬೆಚ್ಚಗಾಗುತ್ತಿದೆ. ಚಳಿ ಕಡಿಮೆಯಾದರೆ ಒಳ್ಳೆಯದಲ್ಲವೆ ಎಂದು ನಮಗನ್ನಿಸಬಹುದು. ಆದರೆ ಹಿಂದೆ ಹೇಳಿದ ವಿಚಿತ್ರ ನೆನಪಿಸಿಕೊಳ್ಳಿ: ಸವಾರನ ಶತ್ರು ಮೈನಸ್ 20 ಅಲ್ಲ, ಶೂನ್ಯ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ಹೆಚ್ಚಾದಷ್ಟೂ ಒತ್ತಿದ ಹಿಮದ ಗಟ್ಟಿ ಹಾದಿಯನ್ನು ಕಾಯ್ದುಕೊಳ್ಳುವುದು ಕಷ್ಟ. ಐವತ್ತು ವರ್ಷ ಕಲಿತ ವಿದ್ಯೆಯನ್ನು ಔಲು ಮತ್ತೆ ಹೊಸದಾಗಿ ಕಲಿಯಬೇಕಾಗಿ ಬರಬಹುದು.

ಜೆಸನ್, ಹರ್ಷ್‌ಬರ್ಗ್‌ರ ಹೆಸರು ಇತಿಹಾಸದಲ್ಲಿ ಉಳಿದಿದೆ. ಅವರಿಗೆ ದಾರಿ ಒತ್ತಿಕೊಟ್ಟ ನಾಯಿಬಂಡಿಯವರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಸುಕಿನ ನಾಲ್ಕು ಗಂಟೆಗೆ ಯಂತ್ರ ಏರಿ ಹೊರಡುವ ಪೌರಸೇವಕರ ಹೆಸರೂ ಯಾರಿಗೂ ಗೊತ್ತಿಲ್ಲ. ಆದರೆ ನೂರಾರು ಮೈಲಿಯ ಸಾಹಸವನ್ನು ಮೂರು ಕಿಲೋಮೀಟರಿನ ದಿನಚರಿಯಾಗಿ ಇಳಿಸಿದವರು ಅವರೇ. ಒಂದು ಕೆಲಸ ಸುದ್ದಿಯಾಗದಷ್ಟು ಸಾಮಾನ್ಯವಾಗುವುದೇ ಅದರ ನಿಜವಾದ ಗೆಲುವು. ಒಂದು ಊರು ತನ್ನ ಜನರಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿದಿದೆ ಎಂದು ತಿಳಿಯಬೇಕಾದರೆ ಹಿಮ ಬಿದ್ದ ಮರುದಿನ ಬೆಳಗ್ಗೆ ಅಲ್ಲಿ ಯಾವ ದಾರಿ ಮೊದಲು ತೆರವಾಗಿದೆ ಎಂದು ನೋಡಿದರೆ ಸಾಕು. ಹಿಮ ಬೀಳದ ಊರುಗಳಲ್ಲಿ ಇದನ್ನೇ ಮಳೆ ನಿಂತ ಮರುದಿನ ನೋಡಬಹುದು.